ಆತು ಯಕ್ಕಾ, ಆತು

ಅಕ್ಕನ ಎಡಗೈ ಮುಟ್ಟಿದರೆ ಗುರ್ರೆನ್ನುತ್ತಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ಮುಂಗೈಯಲ್ಲಿ ಎರಡು ನರ ಸೇರಿಸಿ ಹೊಲಿದಿದ್ದರು. ಅದು ಹಗ್ಗದಂತೆ ಉಬ್ಬಿಕೊಂಡಿತ್ತು. ಬೆರಳಿಟ್ಟರೆ ಒಳಗೆಲ್ಲೋ ಹಿಟ್ಟಿನ ಗಿರಣಿ ತಿರುಗಿದಂತೆ ನಡುಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿಕೊಂಡು, “ಸರ್ವರ್ ಚಾಲೂ ಅದ” ಎಂದು ನಗುತ್ತಿದ್ದಳು.

ಸರ್ವರ್ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಬೇರೆ ಅರ್ಥವೂ ಇತ್ತು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಮಾನ್ವಿ ಬಸ್ ನಿಲ್ದಾಣದ ಹತ್ತಿರ ಹೋಟೆಲಿನಲ್ಲಿ ಸರ್ವರ್. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಾ ಹೊತ್ತು ತಿರುಗುವವನು. ಅಕ್ಕ ಪಿಯುಸಿ ಓದಿ, ದೇವದುರ್ಗದ ಆನ್‌ಲೈನ್ ಸೆಂಟರಿನಲ್ಲಿ ಅರ್ಜಿ ತುಂಬುತ್ತಿದ್ದಳು. ಬಿಸಿಲಲ್ಲಿ ಬಂದವರಿಗೆ “ಸರ್ವರ್ ಇಲ್ರಿ, ನಾಳಿ ಬರ್ರಿ” ಎಂದು ಹೇಳಿ ಹೇಳಿ ಆ ಮಾತಿನ ಮೇಲೇ ಅವಳಿಗೆ ಸಿಟ್ಟು. ಕಿಡ್ನಿ ಕೆಟ್ಟ ಮೇಲೆ ಕೆಲಸ ಬಿಟ್ಟು ನನ್ನ ಮನೆಗೆ ಬಂದಳು. ಡಯಾಲಿಸಿಸ್ಸಿಗೆ ರಾಯಚೂರಿಗೆ ಹೋಗಿ ಬರುತ್ತಿದ್ದಳು.

ಆಸ್ಪತ್ರೆಯ ಬೆಂಚಿನ ಮೇಲೆ ಹಿರೇಕೊಟ್ನೆಕಲ್ಲಿನವರು, ಮಲ್ಲಟದವರು, ದೇವದುರ್ಗದ ಕಡೆಯವರು ಕೂತಿರುತ್ತಿದ್ದರು. ಒಮ್ಮೊಮ್ಮೆ ಪಾಳಿ ಮುಂದೆ ಹೋಗುತ್ತಿತ್ತು. ಅದು ಗೊತ್ತಿಲ್ಲದೆ ಬಸ್ಸು ಹತ್ತಿದವರು, ಬಾತ ಕಾಲು ಎಳೆಯುತ್ತ ಹಾಗೆಯೇ ವಾಪಸ್ಸು ಹೋಗಬೇಕು. ಯಾರ ಪಾಳಿ ಯಾವಾಗ ಎಂದು ತೋರಿಸುವ ಒಂದು ಪೇಜು ಮಾಡುತ್ತೇನೆ ಎಂದಳು ಅಕ್ಕ.

“ವಾಟ್ಸಾಪಿನ್ಯಾಗ ಹಾಕಿದ್ರ ಸಾಲದೇನು?” ಎಂದೆ.

“ಗುಡ್ ಮಾರ್ನಿಂಗಿನ ಹೂವಿನ ಕೆಳಗ ಪಾಳಿ ಮುಚ್ಚಿ ಹೋಗ್ತದಲೇ.”

ಕಂಪ್ಯೂಟರ್ ಅಂಗಡಿಯವನು ಫೋಟೊ, ಬಣ್ಣ ಎಲ್ಲ ಹಾಕು, ದೊಡ್ಡ ಮಿಷನ್ ಬಾಡಿಗೆಗೆ ತಗೋ ಎಂದನಂತೆ. ಅಷ್ಟು ದುಡ್ಡು ಅವಳ ಕೈಯಲ್ಲಿರಲಿಲ್ಲ. ಎಲ್ಲಕ್ಕಿಂತ ಸಣ್ಣ ಮಿಷನ್ ಬಾಡಿಗೆಗೆ ಹಿಡಿದಳು. ಅದು ದೂರದ ಯಾವುದೋ ಊರಲ್ಲಿರುವ ಕಂಪ್ಯೂಟರ್. ನಮ್ಮ ಕಣ್ಣಿಗೆ ಕಾಣುವುದಲ್ಲ. ಅದರ ಮೇಲೆ ಯಾವ ಸಾಫ್ಟ್‌ವೇರ್ ಕೂರಿಸುವುದೆಂದು ಅವಳು ಊಟದ ತಾಟು ಪಕ್ಕಕ್ಕಿಟ್ಟು ಒದ್ದಾಡಿದ್ದನ್ನು ನೋಡಿದ್ದೇನೆ. ಪುಕ್ಕಟೆ ಸಿಗುವ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು.

ನನಗೆ ಬಿಡಿಸಿ ಹೇಳಿದಳು: “ಒಂದು ಹೆಂಗಂದ್ರ, ಬಂದ ಗಿರಾಕಿಗೆ ಒಬ್ಬೊಬ್ಬ ಸರ್ವರ್‌ನ್ನ ನಿಲ್ಲಸ್ತದ. ಉಂಡು ಏಳೋತನ ಅವ ಅಲ್ಲೇ. ಹೋಟೆಲ್ ಸಣ್ಣದಿದ್ರ ಸರ್ವರ್‌ಗಳೇ ತುಂಬಿ ಗಿರಾಕಿ ಹೊರಗ ನಿಲ್ತಾರ. ಇನ್ನೊಂದು ನಿನ್ನಂಗ. ಒಬ್ಬಾವನ ಅಡ್ಡಾಡಿ ಎಲ್ಲಾ ಟೇಬಲ್ ನೋಡ್ತಾನ.”

“ಹಂಗಾದ್ರ ನನ್ನೇ ಕೂಡಸು ಅದರಾಗ.”

“ನಿನ್ನಂಥಾದನ್ನೇ ಕೂಡಸೀನಿ. ಆದ್ರ ಅದು ನಿನ್ನಂಗ ಸುಳ್ಳು ಹೇಳಂಗಿಲ್ಲ.”

ಯಾವ ಟೇಬಲಿನಿಂದ ಕೂಗಿದರೂ, ಒಲೆಯ ಮೇಲೆ ಇನ್ನೂ ಏನೂ ಇಲ್ಲದಿದ್ದರೂ, “ಆತ್ರೀ, ಆತು!” ಎನ್ನುವುದು ನನ್ನ ಚಾಳಿ. ಗಿರಾಕಿ ಸುಮ್ಮನಾಗಬೇಕಲ್ಲ.

ಅಗ್ಗದ ಮಿಷನ್ನು ಯಾವಾಗಲೋ ಒಮ್ಮೆ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಬಂದ್ ಮಾಡಿ ಚಾಲೂ ಮಾಡಿದರೆ ಸರಿಹೋಗುತ್ತಿತ್ತು. ಅದಕ್ಕೊಂದು ಬಟನ್ ನನ್ನ ಫೋನಿನಲ್ಲೂ ಇಟ್ಟು, ಒತ್ತುವುದನ್ನು ಕಲಿಸಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ, ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅಕ್ಕ. “ತಮ್ಮಾ, ಸಂಜಿ ಪಾಳಿ ನಾಳಿಗಿ ಹೋಗೇದ, ಬರದು ಹಾಕೀನಿ. ಪೇಜ್ ತೆರಿಯವಲ್ದು, ನನ್ನ ಫೋನೂ ಸತ್ತದ. ನರ್ಸಬಾಯಿ ಫೋನಿನಿಂದ ಮಾತಾಡಾಕತ್ತೀನಿ. ಬಟನ್ ಒತ್ತು.”

ಎರಡೂ ಕೈಯಲ್ಲಿ ತಾಟು. ಫೋನು ಕಿವಿ ಮತ್ತು ಹೆಗಲಿನ ನಡುವೆ. “ಆತು ಯಕ್ಕಾ, ಆತು!” ಎಂದೆ. ಆಮೇಲೆ ಒಗ್ಗರಣಿ ಕೊಟ್ಟೆ, ಟೇಬಲ್ ಒರೆಸಿದೆ, ಚಿಲ್ಲರೆ ತಂದೆ. ಬಟನ್ ಮರೆತೇಹೋಯಿತು.

ಮಲ್ಲಟದ ಒಬ್ಬ ಅಜ್ಜಿಯ ಪಾಳಿ ಆ ಸಂಜೆಯದು. ಪೇಜು ತೆರೆಯದೆ, ಪಾಳಿ ನಾಳೆಗೆ ಹೋದದ್ದು ಗೊತ್ತಾಗದೆ ಬೇಗನೇ ಬಸ್ಸು ಹತ್ತಿ, ಮಧ್ಯಾಹ್ನವೇ ಆಸ್ಪತ್ರೆ ಮುಟ್ಟಿ, ಏದುಸಿರು ಬಿಡುತ್ತ ನೆಲಕ್ಕೆ ಕುಸಿದಳಂತೆ. ಅಷ್ಟರಲ್ಲಿ ಅಕ್ಕನ ಹೆಸರು ಕೂಗಿದ್ದರು. ಅಕ್ಕ ಎದ್ದು, “ಈ ಯವ್ವನ್ನ ಮಲಗಸ್ರಿ, ನಾ ನಾಳಿ ಬರ್ತೀನಿ” ಎಂದು ಹೊರಗೆ ಬಂದುಬಿಟ್ಟಳು.

ಸಂಜೆ ಮನೆಗೆ ಬಂದಾಗ ಅವಳಿಗೆ ಹೊಸ್ತಿಲು ದಾಟುವುದಕ್ಕೂ ದಮ್ಮು ಇರಲಿಲ್ಲ. ಗೋಡೆಗೆ ಒರಗಿ ಕೂತು ಕೈ ಚಾಚಿದಳು. ಫೋನ್ ಕೊಟ್ಟೆ. ಬಟನ್ ಒತ್ತಿದಳು. ಪೇಜು ತೆರೆಯಿತು.

“ಟೇಬಲಿಗಿ ಹೇಳಿದಂಗ ನನಗೂ ಹೇಳಿದೇನು, ತಮ್ಮಾ?”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಡಯಾಲಿಸಿಸ್ ಆಯಿತು. ಆಮೇಲೂ ಒಂದು ಬೇಸಿಗೆ, ಒಂದು ಮಳೆಗಾಲ ಇದ್ದಳು. ಅವಳು ಹೋದದ್ದಕ್ಕೂ ಆ ದಿನಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನಂಬಬೇಕೆಂದು ನನಗೂ ಆಸೆ. ಆಗುವುದಿಲ್ಲ.

ಕೊನೆಯ ಸಲ ಕಣ್ಣು ಬಿಟ್ಟಾಗ, “ಪೇಜ್ ತೆರೀತದೇನು?” ಎಂದಳು. ಫೋನಿನಲ್ಲಿ ಪೇಜು ತೆರೆದು ಅವಳ ಕಣ್ಣೆದುರು ಹಿಡಿದೆ. ಕೆಳಗಿನ ಹೆಸರಿನವರೆಗೂ ಓದಿದಳು. ಬೆಳಿಗ್ಗೆ ಅವಳ ಕೈ ಮುಟ್ಟಿ ನೋಡಿದೆ. ನಡುಕ ಇರಲಿಲ್ಲ.

ಈಗ ಪಾಳಿ ಬದಲಾದರೆ ನರ್ಸಬಾಯಿ ನನಗೆ ಫೋನ್ ಮಾಡುತ್ತಾರೆ. ತಪ್ಪು ಕಾಗುಣಿತದಲ್ಲಾದರೂ ನಾನೇ ಬರೆದು ಹಾಕುತ್ತೇನೆ. ಹಾಕಿದ ಮೇಲೂ ನಿಂತಲ್ಲಿ ನಿಲ್ಲಲಾಗುವುದಿಲ್ಲ. ತಾಟು ಇಡುತ್ತೇನೆ, ಪೇಜು ತೆರೆದು ನೋಡುತ್ತೇನೆ, ಮತ್ತೆ ತಾಟು ಎತ್ತುತ್ತೇನೆ. ಟೇಬಲಿನವರು ಕೂಗಿದರೆ ಸುಮ್ಮನೆ ಅಡುಗೆಮನೆಗೆ ನಡೆಯುತ್ತೇನೆ.

“ಬಾಯಿ ಬಿದ್ದು ಹೋಗೇದೇನಲೇ? ಆತು ಅನ್ನಾಕ ಏನು ಧಾಡಿ ನಿನಗ?” ಎಂದು ಹೋಟೆಲಿನ ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬೈಯುತ್ತಾರೆ.

ತಾಟನ್ನು ಟೇಬಲಿನ ಮೇಲೆ ಇಟ್ಟ ಮೇಲಷ್ಟೇ ಹೇಳುತ್ತೇನೆ.