ಗೊಗ್ಗರು ಪೀಪಿ

ನಮ್ಮಣ್ಣ ಜೀವಮಾನವಿಡೀ ಮೇಲೆ ಹೋಗಿ ಕೆಳಗೆ ಬಂದವನು. ಹಾಗಂತ ಅವನ ಬದುಕಿನಲ್ಲಿ ಭಾರಿ ಏರಿಳಿತವಿತ್ತು ಅಂದುಕೊಳ್ಳಬೇಡಿ. ದೊಡ್ಡ ಕಚೇರಿ ಕಟ್ಟಡವೊಂದರಲ್ಲಿ ಅವನು ಲಿಫ್ಟ್ ನಡೆಸುತ್ತಿದ್ದ, ಅಷ್ಟೇ. ಹಿಡಿಕೆ ತಿರುಗಿಸಿ ನಿಲ್ಲಿಸುವ ಹಳೇ ಕಾಲದ ಲಿಫ್ಟ್. ಕೈ ಚೂರು ತಪ್ಪಿದರೂ ಲಿಫ್ಟಿನ ನೆಲ ಒಂದು ಮಟ್ಟ, ಹೊರಗಿನ ನೆಲ ಇನ್ನೊಂದು ಮಟ್ಟ. ಅಣ್ಣನ ಲಿಫ್ಟಿನಲ್ಲಿ ಯಾರೂ ಎಡವಿದ್ದಿಲ್ಲ. ಊರೆಲ್ಲ ಅವನನ್ನು ಲಿಫ್ಟಣ್ಣ ಎನ್ನುತ್ತಿತ್ತು. ಒಡಹುಟ್ಟಿದ ನಾನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದೆ. ಗುಂಡಿ ಒತ್ತಿದರೆ ತಾನೇ ನಿಲ್ಲುವ ಲಿಫ್ಟ್ ಬಂದಾಗ ಅವನನ್ನು ಮನೆಗೆ ಕಳಿಸಿದರು.

ಕೈ ಸುಮ್ಮನಿರಬೇಕಲ್ಲ. ಯಾರೋ ಬೇಡವೆಂದ, ಮರ ಕಡೆಯುವ ಲೇತ್ ಯಂತ್ರವೊಂದನ್ನು ತಂದು ಮಹಡಿ ಮೇಲಿನ ತಗಡಿನ ಕೋಣೆಯಲ್ಲಿ ಕೂರಿಸಿದ. ಅದರ ಎಡಕ್ಕೆ ಹೆಡ್‌ಸ್ಟಾಕ್, ಅಂದರೆ ಮರವನ್ನು ಕಚ್ಚಿಕೊಂಡು ಗಿರ್ರನೆ ತಿರುಗುವ ತಲೆ. ಬಲಕ್ಕೆ ಟೇಲ್‌ಸ್ಟಾಕ್, ತೂತು ಕೊರೆಯುವ ಡ್ರಿಲ್ ಬಿಟ್ ಹಿಡಿದು ಹಿಂದೆ ಮುಂದೆ ಜಾರುವ ಬಾಲ. ಎರಡಕ್ಕೂ ಒಂದೊಂದು ಮೊನೆ ಸಿಕ್ಕಿಸಿ ಹತ್ತಿರ ತಂದರೆ ಮೊನೆಗೆ ಮೊನೆ ಮುಟ್ಟಬೇಕು. ಇವು ಜಗಳವಾಡಿದ ಎದುರುಮನೆಯವರ ಹಾಗೆ ಮುಖ ತಪ್ಪಿಸಿಕೊಂಡೇ ನಿಲ್ಲುತ್ತಿದ್ದವು. ಅಣ್ಣ ಕೊರೆದ ತೂತೆಲ್ಲ ಸೊಟ್ಟ. ಲಿಫ್ಟಿಗೊಂದು ನ್ಯಾಯ ಲೇತಿಗೊಂದು ನ್ಯಾಯವಾ ಅಂತ ಅತ್ತಿಗೆ ಛೇಡಿಸುವಳು. ನಾಳೆ ಸರಿ ಮಾಡ್ತೀನಿ ಅನ್ನುವನು ಇವನು. ಆ ನಾಳೆ ಬರಲಿಲ್ಲ, ಅತ್ತಿಗೆಗೆ ಎದೆಯ ಕಾಯಿಲೆ ಬಂತು.

ಅವಳದು ಮೊದಲು ಬೀದಿ ಕೊನೆಗೆ ಕೇಳುವ ಗಂಟಲು. ಅದು ಕೋಣೆ ದಾಟದಂತಾಯಿತು. ಮಹಡಿಯ ಮೇಲಿರುವ ಗಂಡನನ್ನು ಕರೆಯುವುದು ಹೇಗೆ? ಅಣ್ಣ ಮರದ ಪೀಪಿಯೊಂದನ್ನು ಕಡೆದು, ದಾರ ಕಟ್ಟಿ ಅವಳ ಕೊರಳಿಗೆ ಹಾಕಿದ. ಬೇರೆಯವರ ಬಾಯಿ ಸೋಕಿದ್ದೇನೂ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ತಾನು ಒಂದು ಸಲವೂ ಊದಿ ನೋಡಲಿಲ್ಲ. ಅತ್ತಿಗೆ ಊದಿದಳು. ನೆಗಡಿಯಾದ ಹಕ್ಕಿಯ ಹಾಗೆ ಗೊಗ್ಗರು ದನಿ ಬಂತು. ಅಣ್ಣ ಪೀಪಿಯನ್ನು ಬೆಳಕಿಗೆ ಹಿಡಿದು ನೋಡಿದ. ತೂತು ಒಂದು ಕಡೆ ವಾಲಿತ್ತು. ಹಾಳು ಲೇತ್ ಎಂದು ಬೈದು, ಬೇರೆ ಮಾಡಿಕೊಡುತ್ತೇನೆ ಎಂದ. ಅವಳು ಒಪ್ಪಲಿಲ್ಲ. ನನಗೆ ತಕ್ಕ ದನಿ, ಇರಲಿ ಬಿಡಿ ಅಂದಳಂತೆ. ಅಂದಿನಿಂದ ಕೆಳಗೆ ಪೀಪಿ, ಮೇಲಿಂದ "ಬಂದೆ ಕಣೇ, ಬಂದೆ." ಆ ಮನೆಯ ಸಂಸಾರವೆಲ್ಲ ಅಷ್ಟರಲ್ಲೇ ನಡೆಯಿತು.

ಅವಳು ಹೋದಾಗ ಪೀಪಿಯೂ ಅವಳ ಕೊರಳಲ್ಲೇ ಹೋಯಿತು.

ಅಣ್ಣನಿಗೆ ಎರಡು ಹೊತ್ತು ಬೇಯಿಸಿ ಹಾಕಲು ಬಂದವಳು ನಾನು, ಉಳಿದೇಬಿಟ್ಟೆ. ಯಾಕೆಂದರೆ ಅವನಿಗೆ ಪೀಪಿ ಕೇಳಿಸುತ್ತಿತ್ತು. ತುತ್ತು ಬಾಯಿಗೆ ಹೋಗುತ್ತಿದ್ದದ್ದು ಅರ್ಧಕ್ಕೇ ನಿಲ್ಲುವುದು. ಅತ್ತಿಗೆಯ ಖಾಲಿ ಕೋಣೆಯ ಕಡೆ ತಿರುಗಿ, ಮೆಲ್ಲಗೆ "ಬಂದೆ" ಅನ್ನುವನು. ನಾನು ಯಾವ ದೆವ್ವಕ್ಕೂ ಹೆದರಿದವಳಲ್ಲ, ಆದರೆ ಆ "ಬಂದೆ" ಕೇಳಿದರೆ ಸೌಟು ಬಿಟ್ಟು ಹೋಗಿ ಆ ಕೋಣೆಯ ಬಾಗಿಲು ಮುಚ್ಚಿ ಬರುತ್ತಿದ್ದೆ. ಒಂದು ದಿನ ಗದರಿಯೇ ಕೇಳಿದೆ. ಅವನು ಹೇಳಿದ, "ಒಂದೇ ಒಂದ್ಸಲ ನಿಜವಾಗ್ಲೂ ಕೇಳಿಬಿಟ್ರೆ ಈ ಸುಳ್ಳು ಕೇಳೋದು ನಿಲ್ಲುತ್ತೆ ಅನ್ಸುತ್ತೆ."

ಅಷ್ಟರಲ್ಲಿ ಅವಳಿಗೆ ಕೊಟ್ಟ ಮಾತೆಂದು ಲೇತನ್ನು ಸರಿಮಾಡಲು ಕೂತಿದ್ದ. ಬೆಂಚಿಗೆ ಬಿಗಿದಿದ್ದ ಬೋಲ್ಟುಗಳನ್ನೆಲ್ಲ ಸಡಿಲಿಸಿದ; ಬೆಂಚೇ ಸೊಟ್ಟಗಿದ್ದು ಲೇತಿನ ಹಳಿಗಳನ್ನು ತಿರುಚಿಕೊಂಡಿತ್ತಂತೆ. ಹೆಡ್‌ಸ್ಟಾಕನ್ನು ಎತ್ತಿ, ಅಡಿಯಲ್ಲಿ ಗಟ್ಟಿಯಾಗಿದ್ದ ಮರದ ಪುಡಿ, ತುಕ್ಕು ಎಲ್ಲ ಕೆರೆದು, ಒಂದು ಮೂಲೆಗೆ ಹಿತ್ತಾಳೆಯ ತೆಳು ತಗಡು ಕೊಟ್ಟ. ಮೊನೆಗಳ ನಡುವೆ ಹಳೇ ಬ್ಲೇಡೊಂದನ್ನು ಕಚ್ಚಿಸಿದ. ಮೊನೆಗಳು ಸೇರದಿದ್ದರೆ ಬ್ಲೇಡು ವಾಲುತ್ತದೆ. ಅಷ್ಟಷ್ಟೇ ಬಿಗಿ ಮಾಡುತ್ತ ಬಂದ; ಕೊನೆಗೆ ಬ್ಲೇಡು ನೆಟ್ಟಗೆ ನಿಂತಿತು. ಆ ಲೇತಿನಲ್ಲಿ ಮೊದಲು ಕಡೆದದ್ದು ಒಂದು ಪೀಪಿ. ಊದಿದ. ಗಾಜಿನಂಥ ದನಿ. ಅವನ ಮುಖ ಬಿಳಿಚಿಕೊಂಡಿತು. ಅತ್ತಿಗೆಯ ದನಿ ಆ ಸೊಟ್ಟದಲ್ಲಿತ್ತು, ಅದನ್ನು ತಾನೇ ಕೆರೆದು ಗುಡಿಸಿ ಹಾಕಿದೆ ಅಂದುಕೊಂಡ.

ಆಮೇಲೆ ಸರಿ ಮಾಡಿದ್ದನ್ನು ಕೆಡಿಸಲು ಶುರುಮಾಡಿದ. ತಗಡನ್ನು ಇತ್ತ ಸರಿಸುವುದು, ಅತ್ತ ಸರಿಸುವುದು, ಕೊರೆಯುವುದು, ಊದುವುದು, ಪೆಟ್ಟಿಗೆಗೆ ಎಸೆಯುವುದು. ಕೆಲವು ಕೀರಲು, ಕೆಲವು ಮೂಕ. ಅವಳದು ಒಂದೂ ಇಲ್ಲ. ಇದ್ದದ್ದು ಸರಿಯಾಗೇ ಇರಲಿ, ಬಿಟ್ಟುಬಿಡು ಎಂದೆ. "ಸರಿಗೆ ಇರೋದು ಒಂದೇ ಜಾಗ ಕಣೇ. ತಪ್ಪನ್ನ ಎಲ್ಲಿ ಅಂತ ಹುಡುಕ್ಲಿ?" ಎಂದ. ಊಟ ಕಮ್ಮಿಯಾಯಿತು. ಗಲ್ಲ ಒಳಗೆ ಹೋಯಿತು. ಅತ್ತಿಗೆ ಅವನನ್ನೂ ಕರೆದುಕೊಂಡೇ ಹೋಗುತ್ತಾಳೆ ಎಂದು ನನಗೆ ನಿಜಕ್ಕೂ ಅನ್ನಿಸತೊಡಗಿತು.

ಒಂದು ಮಧ್ಯಾಹ್ನ ಒದ್ದೆ ಬಟ್ಟೆಯ ಬಕೆಟ್ ಹೊತ್ತು ಮಹಡಿ ಹತ್ತಿದೆ. ನನ್ನ ಮೈಯೇನು ಹೂವಲ್ಲ. ಮೇಲೆ ಮುಟ್ಟುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಊಟಕ್ಕೆ ಕರೆಯಬೇಕು, ಒಳಗೆ ಮೋಟರಿನ ಸದ್ದು, ನನಗೆ ಕೂಗಲು ಉಸಿರಿಲ್ಲ. ಬಾಗಿಲ ಬಳಿಯ ಪೆಟ್ಟಿಗೆಯಿಂದ ಕೈಗೆ ಸಿಕ್ಕ ಪೀಪಿ ತೆಗೆದು, ಇದ್ದಷ್ಟು ಉಸಿರಲ್ಲಿ ಊದಿದೆ.

ಗೊಗ್ಗರು.

ಮೋಟರು ನಿಂತಿತು. "ಬಂದೆ ಕಣೇ, ಬಂದೆ."

ನನ್ನ ಮೈಯೆಲ್ಲ ಮುಳ್ಳೆದ್ದಿತು. ಅಣ್ಣ ಬಾಗಿಲಿಗೆ ಬಂದ. ನನ್ನನ್ನು ನೋಡಿದ, ಪೀಪಿ ಕಿತ್ತುಕೊಂಡು ಬೆಳಕಿಗೆ ಹಿಡಿದ. ಸುತ್ತಲೂ ಒಂದೇ ದಪ್ಪ. ಲೇತ್ ಸರಿಮಾಡಿದ ಮೇಲೆ ಮೊದಲು ಕಡೆದದ್ದೇ ಅದು, ಗಾಜಿನ ದನಿಯದು. ಇದಾಗಿರಲಿಕ್ಕಿಲ್ಲ ಎಂದು ಮತ್ತೆ ಊದಲು ಹೇಳಿದ. ಆಗಲೇ ನನ್ನ ಏದುಸಿರು ತಗ್ಗಿತ್ತು. ಊದಿದರೆ ದನಿ ಸ್ವಚ್ಛವಾಗಿ ಬಂತು.

ಅಣ್ಣ ನನ್ನ ಉಸಿರಾಟವನ್ನೇ ಗಮನಿಸಿದ. ಆಮೇಲೆ ಮೆಲ್ಲಗೆ ಹೇಳಿದ, "ಉಸಿರೆಲ್ಲ ಹೊರಗೆ ಬಿಟ್ಬಿಡು. ಕೊನೇಲಿ ಮಿಕ್ಕಿದ್ರಲ್ಲಿ ಊದು."

ಹಾಗೇ ಮಾಡಿದೆ. ಅತ್ತಿಗೆ ನಮ್ಮಿಬ್ಬರ ನಡುವೆ ಬಂದು ನಿಂತಂತಾಯಿತು.

ಅಣ್ಣ ಹೊಸ್ತಿಲ ಮೇಲೆ ಕೂತ. "ಅವಳಿಗೆ ಇದ್ದದ್ದೇ ಇಷ್ಟು ಉಸಿರಾ? ಮೊದಲನೇ ದಿನದಿಂದ್ಲೂ?" ನನ್ನ ಕೈಯಿಂದ ಪೀಪಿ ತೆಗೆದುಕೊಂಡ. "ನಾನು ಲೇತ್‌ಗೆ ಬೈತಾ ಇದ್ದೆ" ಎಂದ.

ಈಗ ಅವನಿಗೆ ಪೀಪಿ ಕೇಳಿಸುವುದು ನಿಂತಿದೆ. ತಗಡನ್ನು ಮೊದಲಿನ ಜಾಗಕ್ಕೇ ಕೂರಿಸಿ ಲೇತನ್ನು ಸರಿಮಾಡಿದ್ದಾನೆ. ಆದರೆ ನಾನು ಮೆಟ್ಟಿಲು ಹತ್ತಿ ಏದುಸಿರು ಬಿಡುವ ಸದ್ದು ಮೋಟರಿನ ಗದ್ದಲದಲ್ಲೂ ಅವನಿಗೆ ಹೇಗೋ ಕೇಳುತ್ತದೆ. ಎಲ್ಲ ನಿಲ್ಲಿಸಿ ಬಾಗಿಲಿಗೆ ಬರುತ್ತಾನೆ, ಬಕೆಟ್ ಇಸಿದುಕೊಳ್ಳುತ್ತಾನೆ, ನನ್ನ ಉಸಿರು ಸಮಕ್ಕೆ ಬರುವವರೆಗೂ ಅಲ್ಲೇ ನಿಂತಿರುತ್ತಾನೆ.