ಪೌಡರ್ ಹುಡುಗಿಯ ಕ್ಯಾಸೆಟ್ಟು

ಆ ದಿನವೂ ಎಂದಿನಂತೆ ನೀರಿನಿಂದಲೇ ಶುರುವಾಯಿತು. ಕೋಡಂಬಾಕ್ಕಂನ ನಮ್ಮ ಬೀದಿಗೆ ನೀರಿನ ಲಾರಿ ಬರುವ ಮೊದಲೇ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲು ಹಿಡಿದು ನಿಂತಿರುತ್ತಿದ್ದ ವರ್ಷಗಳು ಅವು. ನಮ್ಮದು ಹಸಿರು ಕೊಡ. ಅಂಚು ಸೀಳಿದ್ದರಿಂದ ಯಾರೂ ತಪ್ಪಿಯೂ ಎತ್ತಿಕೊಂಡು ಹೋಗುತ್ತಿರಲಿಲ್ಲ. ನೀರು ಹೊತ್ತು ಮೇಲೆ ಬಂದು, ರಾತ್ರಿ ಇಳಿದಿದ್ದ ಡಿಕಾಕ್ಷನ್ನಿಗೆ ಹಾಲು ಬೆರೆಸಿ, ಅತ್ತೆಗೆ ಸಕ್ಕರೆಯಿಲ್ಲದ ಕಾಫಿ, ಯಜಮಾನರಿಗೆ ಸ್ಟ್ರಾಂಗು, ಮಗಳಿಗೆ ಕಾಫಿ ಬಣ್ಣದ ಹಾಲು ಕೊಟ್ಟು, ಊಟದ ಡಬ್ಬಿಗಳನ್ನು ಕಟ್ಟುವಷ್ಟರಲ್ಲಿ ಯಜಮಾನರು ಹೊರಟೂ ಆಗಿತ್ತು.

ಮಗಳು ಅವರ ಹಿಂದೆಯೇ ಹೊರಟಳು. ಕಾಲಿನ ತುದಿಯಲ್ಲಿ ಲಂಗದಷ್ಟು ಅಗಲವಾಗುವ ಪ್ಯಾಂಟು, ಕಿವಿಯಲ್ಲಿ ಬಳೆಯಂಥ ರಿಂಗು, ಕಂಕುಳಲ್ಲಿ ದೊಡ್ಡದೊಂದು ಕಾಗದದ ಲಕೋಟೆ.

"ಇದೇನೇ ವೇಷ?"

"ಕಾಲೇಜಲ್ಲಿ ರೆಟ್ರೋ ಡೇ ಮಾ. ಎಯ್ಟೀಸ್!"

"ಎಂಬತ್ತರಲ್ಲಿ ಈ ಪ್ಯಾಂಟು ಯಾರೂ ಹಾಕ್ತಿರ್ಲಿಲ್ಲ ಕಣೇ. ಅದು ಅದಕ್ಕೂ ಮುಂಚಿನದು."

"ಎಲ್ಲಾಂ ಒಣ್ಣುದಾನ್ ಮಾ," ಎಂದು ತಮಿಳಿನಲ್ಲಿ ಎಲ್ಲವನ್ನೂ ಒಂದೇ ಮಾಡಿ, ಮೆಟ್ಟಿಲಿಳಿದು ಹೋದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳು ಬೆರೆಸಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. ಅದಕ್ಕೆ ನಾನು ಬೇಸರಪಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಆದರೆ ನನ್ನದೇ ಹರೆಯದ ಬಗ್ಗೆ ನನಗೇ ಪಾಠ ಹೇಳಿದರೆ ಮೈ ಉರಿಯುತ್ತದೆ.

ಮರುದಿನ ಬೆಳಗಿನ ರೈಲಿಗೆ ನಾನು ಮೈಸೂರಿಗೆ ಹೊರಡಬೇಕಿತ್ತು. ಅಕ್ಕನ ಹೊಸ ಮನೆಯ ಗೃಹಪ್ರವೇಶ. ಏನು ತರಲಿ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಅಕ್ಕ ಸೀರೆ ಬೇಡ, ಬೆಳ್ಳಿ ಬೇಡ, "ಆ ಪೌಡರ್ ಕ್ಯಾಸೆಟ್ ತಗೊಂಡು ಬಾ, ಅಷ್ಟೇ ಸಾಕು. ಮರೀಬೇಡ, ಕೈ ಮುಗೀತೀನಿ," ಎಂದಿದ್ದಳು. ಹುಟ್ಟಿದಾಗಿನಿಂದ ನನಗೆ ಕೈ ಮುಗಿದವಳಲ್ಲ ಅವಳು. ಆದ್ದರಿಂದ ಅತ್ತೆ ಸ್ನಾನಕ್ಕೆ ಹೋದ ಕೂಡಲೇ ಬೀರುವಿನ ಮೇಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಇಳಿಸಿ ಮುಚ್ಚಳ ತೆಗೆದೆ.

ಕ್ಯಾಸೆಟ್ಟುಗಳೆಲ್ಲ ಇದ್ದವು. ಕವರುಗಳು ಮಾತ್ರ ಒಂದೂ ಇರಲಿಲ್ಲ. ಪಾರದರ್ಶಕ ಪೆಟ್ಟಿಗೆಗಳೊಳಗೆ ಒಂದೇ ಥರದ ಬೂದು ಬಣ್ಣದ ಕ್ಯಾಸೆಟ್ಟುಗಳು, ಆಸ್ಪತ್ರೆಯ ಬಟ್ಟೆ ತೊಡಿಸಿ ಮಲಗಿಸಿದ ಹಾಗೆ.

ಆ ಲಕೋಟೆ! ಮಗಳ ಸೆಲ್ಲಿಗೆ ಫೋನು ಮಾಡಿದೆ. ಸ್ವಿಚ್ ಆಫ್.

ಕವರಿಲ್ಲದಿದ್ದರೇನು ಎಂದು ಯಾರಾದರೂ ಕೇಳಬಹುದು. ತಿರುವಲ್ಲಿಕ್ಕೇಣಿಯ ನಮ್ಮ ತವರುಮನೆಯನ್ನು ಕಂಡಿದ್ದವರು ಕೇಳುವುದಿಲ್ಲ. ನಮ್ಮ ತಾತನಿಗೆ ದಾಸರ ಪದ ಬಿಟ್ಟು ಬೇರೆ ಹಾಡು ಹಾಡೇ ಅಲ್ಲ. ನಾವು ಓದುತ್ತಿದ್ದ ಕಾನ್ವೆಂಟಿನ ಸಿಸ್ಟರುಗಳಿಗೆ ಪ್ರಾರ್ಥನಾ ಗೀತೆ ಬಿಟ್ಟು ಬೇರೆ ಹಾಡಿಲ್ಲ. ತಾತನೂ ಸಿಸ್ಟರುಗಳೂ ಈ ಲೋಕದ ಬೇರಾವ ವಿಷಯದಲ್ಲೂ ಒಪ್ಪುತ್ತಿರಲಿಲ್ಲ. ಇಂಗ್ಲಿಷ್ ಪಾಪ್ ಹಾಡು ಹೆಣ್ಣುಮಕ್ಕಳನ್ನು ಕೆಡಿಸುತ್ತದೆ ಎಂಬುದೊಂದರಲ್ಲಿ ಮಾತ್ರ ಅವರ ನಡುವೆ ಪೂರ್ಣ ಸಹಮತವಿತ್ತು.

ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು ಹಾಡುಗಳ ಹೆಸರು ಹೇಳಿದರೆ ತುಂಬಿಸಿಕೊಡುವ ಅಂಗಡಿಯೊಂದು ನಮ್ಮ ಬಸ್ ಸ್ಟಾಪಿನ ಹಿಂದೆಯೇ ಇತ್ತು. ಬಸ್ಸಿಗೆ ಕೊಟ್ಟ ಚಿಲ್ಲರೆಯನ್ನು ಉಳಿಸಿ, ನಡೆದು ಮನೆಗೆ ಬಂದು, ಅಕ್ಕನೂ ನಾನೂ ಹಾಡು ತುಂಬಿಸುತ್ತಿದ್ದೆವು. ಸಿಂಥಸೈಜರಿನ ಆ ಟಿಕ್ ಟಿಕ್, ಯಂತ್ರದ ಹೃದಯ ಬಡಿದುಕೊಳ್ಳುವಂಥ ತಾಳ, ಉಸಿರಿನಲ್ಲೇ ಹಾಡಿಬಿಡುವ ಹೆಂಗಸರು! ಕೊನೆಯಲ್ಲಿ ಟೇಪು ಸ್ವಲ್ಪ ಮಿಕ್ಕರೆ ವ್ಯರ್ಥವಾಗಬಾರದೆಂದು ಅಂಗಡಿಯವರು ತಮಗೆ ಇಷ್ಟವಾದ ತಮಿಳು ಸಿನಿಮಾ ಹಾಡಿನ ಅರ್ಧವನ್ನು ತುರುಕುತ್ತಿದ್ದರು. ನಮಗೆ ಆ ಅರ್ಧಗಳೂ ಬಾಯಿಪಾಠವಾಗಿದ್ದವು.

ಹಾಡಿನ ಹೆಸರು ಬರೆದಿಟ್ಟರೆ ಪ್ರೀತಿ, ಮುತ್ತು, ರಾತ್ರಿ ಎಂಬ ಪದಗಳು ತಾತನ ಕಣ್ಣಿಗೆ ಬೀಳುತ್ತವೆ. ಅದಕ್ಕೇ ಅಕ್ಕ ಉಪಾಯ ಕಂಡುಕೊಂಡಳು. ಅಮ್ಮ ತರಿಸುತ್ತಿದ್ದ ವಾರಪತ್ರಿಕೆಗಳಲ್ಲಿನ ಬಣ್ಣದ ಜಾಹೀರಾತುಗಳನ್ನು ಅಳತೆಗೆ ಕತ್ತರಿಸಿ, ಮಡಚಿ, ಕ್ಯಾಸೆಟ್ಟಿನ ಕವರು ಮಾಡುವುದು. ಅಕ್ಷರವೇ ಬೇಡ. ಸ್ಕೂಟರ್ ಎಂದರೆ ಕುಣಿಯುವ ಹಾಡುಗಳು. ಪ್ರೆಷರ್ ಕುಕ್ಕರ್ ಎಂದರೆ ನಿಧಾನದವು. ನಿಂಬೆಹಣ್ಣಿನ ಸೋಪು, ಸೂಟಿಂಗ್ ಬಟ್ಟೆಯ ಮೀಸೆ ಗಂಡಸು, ಎಲ್ಲಕ್ಕೂ ಒಂದೊಂದು ಅರ್ಥ. ತಾತ ಡಬ್ಬಿ ತೆರೆದು ನೋಡಿ, "ಮಕ್ಕಳು ಸಂಸಾರಸ್ಥರಾಗ್ತಿದಾರೆ," ಎಂದು ಮೆಚ್ಚಿಕೊಂಡಿದ್ದೂ ಉಂಟು. ನಷ್ಟವಾಗುತ್ತಿದ್ದುದು ಅಮ್ಮನಿಗೆ ಮಾತ್ರ. ಜಾಹೀರಾತಿನ ಬೆನ್ನಿಗೇ ಅವಳು ಓದುತ್ತಿದ್ದ ಧಾರಾವಾಹಿ ಇರುತ್ತಿತ್ತು. ನಾಯಕಿ ಬಾವಿಯ ಕಟ್ಟೆ ಹತ್ತುವವರೆಗೆ ಕಥೆ ಇದ್ದು, ಮುಂದೆ ಒಂದು ಚೌಕಾಕಾರದ ಕಿಟಕಿ!

ಇವುಗಳಲ್ಲಿ ಪೌಡರ್ ಹುಡುಗಿ ಅಕ್ಕನ ಸ್ವಂತದ್ದು. ಬಿಳಿ ಸೀರೆಯ ಹುಡುಗಿ, ಕತ್ತನ್ನು ಒಂದು ಕಡೆಗೆ ತಿರುಗಿಸಿ, ಎಡಗೈಯ ಬೆರಳನ್ನು ಜಡೆಯ ತುದಿಗೆ ಸುತ್ತಿಕೊಂಡು ನಿಂತ ಚಿತ್ರ. ಆ ಕ್ಯಾಸೆಟ್ಟನ್ನು ನಾನು ಮುಟ್ಟಿದರೆ ಗುದ್ದು ಬೀಳುತ್ತಿತ್ತು.

"ಅತ್ತೆ, ಕ್ರೋಂಪೇಟೆಗೆ, ಇವಳ ಕಾಲೇಜಿಗೆ ಹೋಗಿಬರ್ತೀನಿ," ಎಂದೆ, ಸ್ನಾನ ಮುಗಿಸಿ ಬಂದವರಿಗೆ.

"ಈ ಬಿಸಿಲಲ್ಲಾ? ಯಾತಕ್ಕಮ್ಮಾ?"

"ಕಾಗದ ತರೋಕೆ."

"ಕಾಗದಕ್ಕೆ ಕ್ರೋಂಪೇಟೆ ಯಾಕೆ? ನಮ್ಮ ಮೂಲೆ ಅಂಗಡೀಲೇ ಸಿಗತ್ತಲ್ಲ."

ವಿವರಿಸಲು ಹೋದರೆ ರೈಲು ತಪ್ಪುತ್ತಿತ್ತು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಮಲ್ಲಿಗೆ ಬುಟ್ಟಿಗಳ ನಡುವೆ ಒಂದು ಕಾಲಿನಲ್ಲಿ ನಿಂತು ಹೋಗಿ, ಕ್ರೋಂಪೇಟೆಯಲ್ಲಿಳಿದು, ಆಟೋದವನ ಹತ್ತಿರ ಜಗಳವಾಡಿ, ಮಗಳ ಕಾಲೇಜು ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಸ್ಪೀಕರಿನಲ್ಲಿ ನನ್ನ ಹರೆಯದ ಹಾಡೊಂದಕ್ಕೆ ಯಾರೋ ಹೊಸ ಡೋಲು ಬಡಿದು ಕೈಕಾಲು ಮುರಿದಿದ್ದರು. ಹಾಲಿನ ತುಂಬ ಅಗಲ ಪ್ಯಾಂಟುಗಳು.

ಎದುರಿಗೇ ಥರ್ಮೋಕೋಲಿನ ದೊಡ್ಡ ಬೋರ್ಡು. ಅದರ ಮೇಲೆ ನಮ್ಮ ಸ್ಕೂಟರು, ನಮ್ಮ ಕುಕ್ಕರು, ನಮ್ಮ ಮೀಸೆ ಗಂಡಸು. ಎಲ್ಲರೂ ಗೋಂದಿನಲ್ಲಿ ಅಂಟಿ ಕೂತಿದ್ದರು. ನಟ್ಟನಡುವೆ ಪೌಡರ್ ಹುಡುಗಿ. ಹಲ್ಲುಹಲ್ಲಿನ ಅಂಚು ಬರುವ ಕತ್ತರಿಯಲ್ಲಿ ಅವಳನ್ನು ಹೃದಯದ ಆಕಾರಕ್ಕೆ ಕತ್ತರಿಸಿದ್ದರು. ಕತ್ತು ಉಳಿದಿತ್ತು. ಎಡಗೈ, ಜಡೆ, ಬೆರಳು ಎಲ್ಲವೂ ಹೃದಯದ ಹೊರಗೆ ಹೋಗಿಬಿಟ್ಟಿದ್ದವು.

ತಲೆಗೆ ರುಮಾಲು ಕಟ್ಟಿದ್ದ ಹುಡುಗಿಯೊಬ್ಬಳು ಓಡಿ ಬಂದು ತಮಿಳಿನಲ್ಲಿ ಶುರು ಮಾಡಿದಳು. "ಆಂಟಿ, ಹಾರ್ಟ್ ಶೇಪ್ ನಾನೇ ಕಟ್ ಮಾಡಿದ್ದು. ಆ ಕಾಲದ ಆಡ್ಸ್ ಎಲ್ಲಾ ಎಷ್ಟು ಇನ್ನೊಸೆಂಟ್, ಅಲ್ವಾ? ಆಗ ಜನಕ್ಕೆ ಟೆನ್ಷನ್ನೇ ಇರ್ಲಿಲ್ಲ."

ಆಗ ಜನಕ್ಕೆ ಟೆನ್ಷನ್ ಇರಲಿಲ್ಲವಂತೆ! ಗ್ಯಾಸ್ ಸಿಲಿಂಡರಿಗೆ ಕಾದವರು ನಾವು, ಫೋನ್ ಕನೆಕ್ಷನ್ನಿಗೆ ಕಾದವರು ನಾವು, ಆ ಸ್ಕೂಟರ್ ಬುಕ್ ಮಾಡಿದ ನಮ್ಮ ಚಿಕ್ಕಪ್ಪ ಅದು ಕೈಗೆ ಬರುವಷ್ಟರಲ್ಲಿ ಓಡಿಸುವ ಧೈರ್ಯವನ್ನೇ ಕಳೆದುಕೊಂಡಿದ್ದರು. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು, "ವೆರಿ ನೈಸ್, ಮಾ." ಕಾನ್ವೆಂಟಿನವರು ಕಲಿಸಿದ್ದರಲ್ಲಿ ನನ್ನನ್ನು ಹೆಚ್ಚು ಹಾಳು ಮಾಡಿದ್ದು ಈ ಮರ್ಯಾದೆಯೇ.

ಮಗಳು ನನ್ನನ್ನು ನೋಡಿ ಬೆಚ್ಚಿದಳು. "ಅಮ್ಮಾ! ನೀ ಯಾಕೆ ಇಂಗ ವಂದೆ?"

"ಕೇಳದೆ ಯಾಕೆ ತಗೊಂಡು ಬಂದೆ?"

"ಕವರ್ ಮಾತ್ರಂ ತಾನೇ ಮಾ? ಕ್ಯಾಸೆಟ್ ಒಂದಕ್ಕೂ ಕೈ ಹಾಕ್ಲಿಲ್ಲ, ಹಾಡೆಲ್ಲಾ ಸೇಫ್. ಹಾಡು ನಿನಗೆ ಪ್ರಾಣ ಅಂತ ನನಗೆ ಗೊತ್ತಿಲ್ವಾ?"

ಪಾಪ, ನಿಜವಾಗಿಯೂ ಜೋಪಾನ ಮಾಡಿದ್ದೇನೆಂಬ ಮುಖ. ಬೆಲೆಯಿದ್ದದ್ದನ್ನು ಮನೆಯಲ್ಲಿ ಬಿಟ್ಟು ಪೊಟ್ಟಣದ ಕಾಗದವನ್ನು ತಂದಿದ್ದೇನೆ ಎಂದೇ ಅವಳ ಲೆಕ್ಕ.

"ಪೌಡರ್ ಕವರು ಯಾವ ಕ್ಯಾಸೆಟ್ಟಲ್ಲಿತ್ತು? ಅದಾದ್ರೂ ನೆನಪಿದ್ಯಾ?"

ಅವಳು ಕಿವಿಯ ರಿಂಗನ್ನು ತಿರುಗಿಸಿದಳು. "ಎಲ್ಲಾ ಒಂದೇ ಥರ ಇತ್ತಲ್ಲಾ ಮಾ..."

ಬೋರ್ಡಿನ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಕಾಗದದ ಜೊತೆಗೆ ಥರ್ಮೋಕೋಲೂ ಎದ್ದು ಬಂತು. ಬಿಟ್ಟುಬಿಟ್ಟೆ. ಜಡೆ, ಬೆರಳು ಇದ್ದ ತುಂಡುಗಳಿಗಾಗಿ ಕಸದ ಬುಟ್ಟಿಯನ್ನೂ ಬಗ್ಗಿ ನೋಡಿದೆ. ಬರೀ ಬಾಳೆಹಣ್ಣಿನ ಸಿಪ್ಪೆ.

ಮನೆಗೆ ಬಂದವಳೇ ಟೇಪ್ ರೆಕಾರ್ಡರನ್ನು ಊಟದ ಮೇಜಿನ ಮೇಲಿಟ್ಟು ಒಂದೊಂದೇ ಕ್ಯಾಸೆಟ್ ಹಾಕತೊಡಗಿದೆ. ಕವರು ಹೋದರೂ ಕ್ಯಾಸೆಟ್ಟಾದರೂ ಸಿಗಲಿ ಎಂದು. ಅಕ್ಕನದರ ಮೊದಲ ಹಾಡು ನನಗೆ ಮರೆತಿತ್ತು. ಮೊದಲ ಬದಿಯ ಕೊನೆಗೆ ದೋಣಿಯವನೊಬ್ಬನ ಅರ್ಧ ಹಾಡು ಇತ್ತೆಂಬುದಷ್ಟೇ ನೆನಪು. ಹಾಗಾಗಿ ಪ್ರತಿಯೊಂದನ್ನೂ ಕೊನೆಯವರೆಗೆ ಓಡಿಸಬೇಕು. ಫಾರ್ವರ್ಡ್ ಬಟನ್ನು ಕೆಲಸ ಮಾಡದೆ ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿಸಿ ಎಂದು ನಾನು ಹೇಳುತ್ತಲೇ ಇದ್ದೆ, ಯಜಮಾನರು ಹೂಂ ಎನ್ನುತ್ತಲೇ ಇದ್ದರು.

ಅತ್ತೆ ಎದುರಿಗೆ ಕೂತು ಕೀರೆಸೊಪ್ಪು ಬಿಡಿಸುತ್ತ ಕೇಳಿದರು.

"ಈ ಹೆಂಗಸು ಯಾಕಮ್ಮಾ ಹೀಗೆ ಅಳ್ತಾಳೆ?"

"ಅಳ್ತಿಲ್ಲ ಅತ್ತೆ. ಇದು ಡ್ಯಾನ್ಸ್ ಹಾಡು."

"ಹಾಗಾದ್ರೆ ಕಾಲು ಉಳುಕಿರಬೇಕು, ಪಾವಂ."

ಅಂತೂ ಬಿಸಿಲು ಇಳಿಯುವ ಹೊತ್ತಿಗೆ ದೋಣಿಯವನು ಸಿಕ್ಕಿದ. ಗೆದ್ದವಳಂತೆ ಅಕ್ಕನಿಗೆ ಫೋನು ಮಾಡಿ, "ಕ್ಯಾಸೆಟ್ ಸಿಕ್ತು, ಕವರ್ ಮಾತ್ರ ಇಲ್ಲ ಅಕ್ಕಾ," ಎಂದೆ.

"ಇಲ್ಲ ಅಂದ್ರೆ? ಅಯ್ಯೋ, ಕ್ಯಾಸೆಟ್ ಯಾರಿಗೆ ಬೇಕೇ? ನಿಮ್ಮ ಭಾವ ಆ ಹಾಡುಗಳದೆಲ್ಲಾ ಸೀಡಿ ತಂದಿಟ್ಟಿದಾರೆ. ನನಗೆ ಬೇಕಾಗಿದ್ದು ಆ ಹುಡುಗಿ."

"ಅದು ಯಾಕೆ?"

"ನನ್ನ ಮದುವೆ ಫೋಟೋ ನೆನಪಿಲ್ವಾ? ಗಂಡಿನ ಮನೆಗೆ ಕಳಿಸಿದ್ದು? ಸ್ಟುಡಿಯೋದವನು ನೆಟ್ಟಗೆ ನಿಲ್ಲಮ್ಮಾ ಅಂದ್ರೂ ಕೇಳ್ದೆ, ಅವಳ ಹಾಗೇ ಜಡೆ ಹಿಡ್ಕೊಂಡು ನಿಂತಿದ್ದೆ. ಅದನ್ನ ನೋಡೇ ಒಪ್ಪಿದ್ದು ಅಂತ ಇವರು ಈಗ್ಲೂ ಹೇಳ್ತಾರೆ. ಎರಡನ್ನೂ ಒಂದೇ ಫ್ರೇಮಲ್ಲಿ ಹಾಕಿ ಹೊಸ ಮನೇಲಿ ತೂಗುಹಾಕಿ, ನಾನು ಯಾರನ್ನ ಕಾಪಿ ಹೊಡೆದಿದ್ದೆ ಅಂತ ಇವರಿಗೆ ತೋರಿಸ್ಬೇಕು ಅಂತಿದ್ದೆ."

ನಡೆದದ್ದನ್ನು ಹೇಳಿದೆ.

"ಕತ್ತು ಇದ್ಯಾ?"

"ಕತ್ತು ಇದೆ. ಕೈ ಇಲ್ಲ, ಜಡೆ ಇಲ್ಲ."

"ಜಡೆ ಇಲ್ಲ ಅಂದ್ರೆ ಅವಳಲ್ಲ ಬಿಡು," ಎಂದಳು ಅಕ್ಕ. "ನೀನಾದ್ರೂ ಬಾ."

ಮಗಳು ಸಂಜೆ ಬರಿಗೈಯಲ್ಲಿ ಬಂದಳು. ಬೋರ್ಡು ಪ್ರೊಫೆಸರಿಗೆ ತುಂಬಾ ಇಷ್ಟವಾಗಿ ಡಿಪಾರ್ಟ್‌ಮೆಂಟಿನ ವರಾಂಡದಲ್ಲಿ ತೂಗುಹಾಕಿದ್ದಾರಂತೆ. "ಸಾರಿ ಮಾ," ಎಂದು ಹಿಂದಿನಿಂದ ಬಂದು ತಬ್ಬಿಕೊಂಡಳು. ಯಾರಿಗೂ ಬೇಡದ ಕ್ಯಾಸೆಟ್ಟನ್ನು ಸೀರೆಗಳ ನಡುವೆ ಇಟ್ಟು ಸೂಟ್‌ಕೇಸಿನ ಬೀಗ ಹಾಕಿದೆ.

ಅಷ್ಟರಲ್ಲಿ ಎದುರು ಮನೆಯಾಕೆ ಮೊಸರಿನ ಹೆಪ್ಪು ಕೇಳಿಕೊಂಡು ಬಂದರು. ಕುಂದಾಪುರದ ಕಡೆಯವರು, ಅವರ ಮನೆಯವರದು ವಡಪಳನಿಯಲ್ಲಿ ಹೋಟೆಲು. ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

"ಮಧ್ಯಾಹ್ನ ಇಡೀ ನಿಮ್ಮನೆ ರೇಡಿಯೋ ಕೇಳ್ತಾ ಇದ್ದೆ ಮಾರಾಯ್ರೆ," ಎಂದರು. "ಅದು ಎಂತ ಸ್ಟೇಷನ್? ಎಷ್ಟು ಒಳ್ಳೆದಿತ್ತು. ನಡುವಲ್ಲಿ ಒಂದು ಜಾಹೀರಾತು ಸಹ ಇಲ್ಲ!"