ಬಾಗಿಲಂಚಿನ ಚೀಟಿ

ವಿದ್ಯಾರಣ್ಯಪುರಂನ ಮೆಕ್ಯಾನಿಕ್ ಕೆಂಪರಾಜು ಆಯಿಲ್ ಬದಲಿಸಿದ ಪ್ರತಿ ಗಾಡಿಯ ಬಾಗಿಲಂಚಿಗೆ ಒಂದು ಚೀಟಿ ಅಂಟಿಸುತ್ತಾನೆ. ಮುಂದಿನ ಸಲ ಎಷ್ಟು ಕಿಲೋಮೀಟರಿಗೆ ಬರಬೇಕೆಂದು ಅದರಲ್ಲಿರುತ್ತದೆ. ಮೂವತ್ತು ವರ್ಷಗಳಲ್ಲಿ ಅವನು ತಾರೀಖು ಬರೆದದ್ದೇ ಇಲ್ಲ.

ಸದಾಶಿವಯ್ಯನವರ 1956ರ ಕಾರು ಆಯುಧಪೂಜೆಯ ದಿನ ಮಾತ್ರ ಹೊರಬಂದು, ನಾಲ್ಕು ಬೀದಿ ಸುತ್ತಿ ಶೆಡ್ಡಿಗೆ ಮರಳುತ್ತಿತ್ತು. ಆಯಿಲ್ ಬದಲಿಸೋಣವೇ ಎಂದು ಅವರು ಪ್ರತಿ ವರ್ಷ ಕೇಳುತ್ತಿದ್ದರು. "ಓಡದ ಗಾಡಿಗೆ ಆಯಿಲ್ ಯಾಕ್ ಸ್ವಾಮಿ? ಮಲ್ಗಿರೋನ್ಗೆ ಊಟ ಬಡಿಸ್ದಂಗೆ," ಎಂದು ಕೆಂಪರಾಜು ನಗುತ್ತಿದ್ದ. ಹೀಗೆ ಆರು ವರ್ಷ ಕಳೆದವು.

ಈ ಸಲ ಹಬ್ಬದ ದಿನ ಎಂಜಿನ್ ಕಟಕಟ ಎಂದಿತು. ಬಿಚ್ಚಿದಾಗ ಕಂಡದ್ದು ಕೆಸರಿನಂಥ ಆಯಿಲ್, ಸವೆದ ಬೇರಿಂಗ್. ನಿಂತ ಗಾಡಿಯೊಳಗೆ ತೇವ ಸೇರಿ ಆಯಿಲ್ ಕೆಡುತ್ತದೆ. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಬದಲಿಸಬೇಕು. ಕೆಲಸ ಕಲಿಸಿದವರು ಇದನ್ನು ಹೇಳಿದ್ದರು. ಅವನು ಮರೆತಿದ್ದ.

"ವಯಸ್ಸಾಯ್ತು ಬುಡಪ್ಪ ಅದಕ್ಕೂ, ನನ್ನಂಗೇ," ಎಂದರು ಸದಾಶಿವಯ್ಯ.

ಆ ಮಾತಿಗೆ ಹೂಂಗುಟ್ಟಿ ಸುಮ್ಮನಿರಬಹುದಿತ್ತು. ಕೆಂಪರಾಜು ಕೈ ಒರೆಸಿದ ಬಟ್ಟೆಯಲ್ಲೇ ಮತ್ತೆ ಮತ್ತೆ ಕೈ ಒರೆಸಿಕೊಂಡ.

"ವಯಸ್ಸಲ್ಲ ಸ್ವಾಮಿ. ನೀವ್ ಕೇಳ್ದಾಗೆಲ್ಲ ನಾನು ಬ್ಯಾಡ ಅಂದ್ನಲ್ಲ, ಅದಕ್ಕೇ ಹಾಳಾಗಿದ್ದು."

ಸದಾಶಿವಯ್ಯ ಕಾರಿನ ಮೇಲೆ ಕೈಯಾಡಿಸಿದರು. "ಮಲ್ಗಿರೋನ್ಗೂ ಹಸಿವಾಯ್ತದೆ ಕಣಪ್ಪ," ಎಂದು ಒಳಗೆ ಹೋದರು. ಬೈದಿದ್ದರೆ ಕೆಂಪರಾಜುವಿನ ಮನಸ್ಸು ಎಷ್ಟೋ ಹಗುರವಾಗುತ್ತಿತ್ತು.

ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಹೊಸ ಚೀಟಿಯಲ್ಲಿ ಕಿಲೋಮೀಟರಿನ ಜಾಗ ಖಾಲಿ ಬಿಟ್ಟು ಕೆಂಪರಾಜು ಬರೆದ: ಮುಂದಿನ ಆಯುಧಪೂಜೆಗೆ ಮುಂಚೆ.